ಸೊಸೆ ಬರೆದ ಕ್ಲಾಸು, ನಾನು ಬರೆದ ಕ್ಲಾಸು

ಗಣಿತದ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತದ್ದು ಸೊಸೆಯಿಂದ. ಹೊಂಬಳದ ಹುಡುಗಿ, ಬೆಟಗೇರಿಯ ನಮ್ಮ ಮನೆಗೆ ಬರುವ ಮೊದಲು ಗದಗಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಇಬ್ಬರೂ ಸೇರಿ ಕಡಕ್ ರೊಟ್ಟಿ ಮಾಡಿ ಮುಂಡರಗಿ, ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಯಾರ ಗಂಟು ಯಾರಿಗೋ ಹೋಗತೊಡಗಿದಾಗ ಅವಳೆಂದಳು, "ಒಂದ ಪ್ರೋಗ್ರಾಮ್ ಬರಿಯೋಣ್ರಿ ಅತ್ತಿ. ನಿಮಗೂ ಕಲ್ತಂಗ ಆಗ್ತೈತಿ."

ಜಾವಾದಲ್ಲಿ ಪ್ರೋಗ್ರಾಮಿನ ಒಂದೊಂದು ಭಾಗವೂ ಒಂದೊಂದು ಕ್ಲಾಸು. ಆರ್ಡರಿನ ಕ್ಲಾಸನ್ನು ಅವಳು ಬರೆದಳು, ಪಾರ್ಸಲ್ಲಿನದನ್ನು ನಾನು. ಎಷ್ಟು ರೊಟ್ಟಿ ಕಟ್ಟಬೇಕೆಂದು ತಿಳಿಯಲು ನನ್ನ ಕ್ಲಾಸಿನಿಂದ ನೇರವಾಗಿ, ಆ ಸಂಖ್ಯೆಯನ್ನಿಟ್ಟ ಅವಳ ‘ರೊಟ್ಟಿ’ ಎಂಬ ವೇರಿಯೆಬಲ್‌ಗೆ ಕೈ ಹಾಕಿದೆ. ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ಅದು ಪ್ರೈವೇಟ್, ಬೇರೆ ಕ್ಲಾಸಿನವರು ಮುಟ್ಟುವಂತಿಲ್ಲ.

"ಆ ಪ್ರೈವೇಟ್ ಅನ್ನೂದನ್ನ ಅಳಿಸಿಬಿಡವಾ."

"ಅಳಸಾಂಗಿಲ್ರಿ."

"ಒಂದ ಮನ್ಯಾಗ ಇದ್ದೀವಿ. ನನಗೂ ಮುಚ್ಚಿಡ್ತಿಯೇನು?"

"ನಿಮಗಲ್ರಿ ಅತ್ತಿ, ನಿಮ್ಮ ಕ್ಲಾಸಿಗೆ. ಅದು ಕೇಳಿದ್ರ ನನ್ನ ಕ್ಲಾಸ ಹೇಳ್ತೈತಿ."

ನನಗೆ ತುಸು ಬೇಸರವಾದದ್ದು ಖರೆ. ಹಿಟ್ಟು ನಾದಲು ಎದ್ದುಹೋದೆ. ತಿರುಗಿ ಬಂದಾಗ ಅವಳು ತನ್ನ ಕ್ಲಾಸಿನೊಳಗೆ ಬೇರೆ ಕ್ಲಾಸಿನವರೂ ಕರೆಯಬಹುದಾದ ಎರಡು ಪುಟ್ಟ ಪಬ್ಲಿಕ್ ಮೆಥಡ್‌ಗಳನ್ನು ಬರೆದಿಟ್ಟಿದ್ದಳು. ‘ಗೆಟ್‌ರೊಟ್ಟಿ’ ಎಂದು ಕರೆದರೆ ಸಂಖ್ಯೆ ಸಿಗುತ್ತದೆ. ‘ಸೆಟ್‌ರೊಟ್ಟಿ’ಗೆ ಹೊಸ ಸಂಖ್ಯೆ ಕೊಟ್ಟರೆ ಹಳೆಯದು ಬದಲಾಗುತ್ತದೆ. ನಾನು ಗೆಟ್ ಎಂದು ಕರೆದೆ. ಸಂಖ್ಯೆ ಬಂತು. ಇಷ್ಟಕ್ಕೆ ಅಷ್ಟು ಬಿಗುಮಾನ ಯಾಕೆ ಎಂದುಕೊಂಡೆ.

ಕೆಲವು ದಿನಗಳ ಬಳಿಕ ಮುಂಡರಗಿಯ ಅಂಗಡಿಯವರು ಫೋನ್ ಮಾಡಿ ಇಪ್ಪತ್ತು ರೊಟ್ಟಿ ಕಡಿಮೆ ಮಾಡಲು ಹೇಳಿದರು. ಸೊಸೆ ಒಲೆಯ ಮುಂದಿದ್ದಳು. ಕಳೆಯಬೇಕಲ್ಲ ಎಂದು ನಾನು ಸೆಟ್‌ರೊಟ್ಟಿಗೆ ಮೈನಸ್ ಇಪ್ಪತ್ತು ಕೊಟ್ಟೆ. ಹಳೆಯ ಸಂಖ್ಯೆ ಅಲ್ಲಾಡಲಿಲ್ಲ. ಬದಲಿಗೆ ಪರದೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬಂತು: "ಅತ್ತಿ, ಸೊನ್ನಿಗಿಂತ ಕಡಿಮಿ ರೊಟ್ಟಿ ಬಡ್ಯಾಕ ಬರಾಂಗಿಲ್ರಿ."

ಆ ಮೆಥಡ್ ಬರೆಯುವಾಗಲೇ ನನ್ನ ಕೈ ಎಲ್ಲಿ ತಪ್ಪೀತೆಂದು ಅವಳು ಯೋಚಿಸಿದ್ದಳು. ನೇರವಾಗಿ ಮುಟ್ಟಲು ಬಿಟ್ಟಿದ್ದರೆ ಆರ್ಡರು ಮೈನಸ್ಸಿಗೆ ಇಳಿದು ಕುಳಿತಿರುತ್ತಿತ್ತು. ನಾನು ಒಬ್ಬಳೇ ನಗುವುದು ಕೇಳಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಪರದೆ ನೋಡಿ ನಾಚಿದಳು.

"ಸಿಟ್ಟ ಬಂತೇನ್ರಿ? ಚೇಷ್ಟಿಗೆ ಬರ್ದಿದ್ದೆ."

"ಸಿಟ್ಟ ಎಲ್ಲೀದು? ಹಿಂಗ ಇರ್ಲಿ ಅದು. ಈಗ ಎಷ್ಟ ಕೊಡಬೇಕು ಹೇಳು."

ಅವಳು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕುಳಿತಳು. ಮೊದಲು ಗೆಟ್, ಅದರಲ್ಲಿ ಇಪ್ಪತ್ತು ಕಳೆದು ಆಮೇಲೆ ಸೆಟ್ ಎಂದು ತೋರಿಸಿದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದು ಇಬ್ಬರೂ ಒಳಗೆ ಓಡಿದೆವು.