ಕೋಡಿ ನೀರಿಗೆ ಖಾಲಿ ಗಾಡಿ

ತೊಂಬತ್ತರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಸೈಬರ್ ಸೆಂಟರ್ ತೆರೆಯಿತು. ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಹೇಳುತ್ತಿದ್ದೆ. ಮಳೆ, ಹೊಳೆ, ಹವಾಮಾನದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಪಾಠಗಳಿವೆ ಎಂದು ಯಾರೋ ಹೇಳಿದ್ದರಿಂದ ಭಾನುವಾರಗಳಂದು ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದೆ. ನೆರೆಯಲ್ಲಿ ಸಿಕ್ಕ ಕಾರಿನ ಚಿತ್ರ ಪರದೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಮರದ ತುದಿ, ಆಮೇಲೆ ಕಾರಿನ ಚಾವಣಿ. ನೀರು ಕಾಣಿಸುವ ಹೊತ್ತಿಗೆ ಫೋನ್ ಲೈನು ಕಡಿದುಹೋಗುತ್ತಿತ್ತು.

"ಮತ್ತೆ ಹೋಯ್ತಾ?" ಎಂದರೆ ಅಂಗಡಿಯ ಸಾಬರು, "ನೀವು ಮಳೆ ಪಾಠ ತೆಗೆದ್ರೆ ಸಾಕು ಮೇಷ್ಟ್ರೇ, ಲೈನ್‌ಗೂ ನೆಗಡಿ ಬರ್ತದೆ" ಎನ್ನುತ್ತಿದ್ದರು.

ಹೀಗೆ ಎಷ್ಟೋ ವಾರ ಕೂತು ನಾನು ಕಲಿತದ್ದು ಇಷ್ಟು. ಹರಿಯುವ ನೀರು ಗಾಡಿಯನ್ನು ತಳ್ಳುವ ಮೊದಲು ಎತ್ತುತ್ತದೆ. ಗಾಡಿ ಹಗುರವಾಗಿದ್ದಷ್ಟೂ ಚಕ್ರ ಬೇಗ ನೆಲ ಬಿಡುತ್ತದೆ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು, ಹಿಂದಕ್ಕೆ ತಿರುಗಬೇಕು.

ಆ ವರ್ಷ ದಸರಾ ರಜೆಗೆ ಕಿಕ್ಕೇರಿ ಕಡೆಯ ಅಕ್ಕನ ಊರಿಗೆ ಹೋಗಿದ್ದೆ. ಭಾವ ಟೆಂಪೋ ಇಟ್ಟುಕೊಂಡು ಊರೂರಿನ ಡೈರಿಯ ಹಾಲನ್ನು ಕೆ.ಆರ್. ಪೇಟೆಗೆ ಸಾಗಿಸುತ್ತಿದ್ದರು. ಕೆರೆ ತುಂಬಿ ಕೋಡಿ ಬಿದ್ದಿತ್ತು. ಹೆಂಗಸರು ಬಾಗಿನ ಬಿಟ್ಟು ಬಂದಿದ್ದರು. ಕೋಡಿಯ ನೀರು ತಗ್ಗಿನಲ್ಲಿ ರಸ್ತೆಯನ್ನು ಅಡ್ಡ ಹಾಯ್ದು ಹೋಗುತ್ತಿತ್ತು. ಇಂಥಲ್ಲಿ ನಮ್ಮವರದು ಒಂದೇ ಕಟ್ಟಳೆ: ಮೊದಲು ಒಬ್ಬ ಆಳು ಇಳಿದು ದಾಟಬೇಕು, ನೀರು ಅವನ ಮಂಡಿ ಮೀರದಿದ್ದರೆ ಗಾಡಿ ಬಿಡಬಹುದು. ಬೆಳಿಗ್ಗೆ ಕ್ಯಾನು ಇಳಿಸುವ ಆಳು ಹಾಗೆ ದಾಟಿದ. ಹಾಲು ತುಂಬಿದ ಟೆಂಪೋ ಅವನ ಹಿಂದೆ ಹೋಯಿತು. ಕಲಿತ ಪಾಠ ನೆನಪಿದ್ದರೂ ನಾನು ಭಾವನ ಪಕ್ಕದಲ್ಲೇ ಕೂತು ದಾಟಿದೆ.

ಸಂಜೆ ಖಾಲಿ ಕ್ಯಾನುಗಳೊಂದಿಗೆ ಅಲ್ಲಿಗೇ ವಾಪಸ್ ಬಂದೆವು. ನೀರು ಬೆಳಿಗ್ಗೆ ಇದ್ದಷ್ಟೇ ಇತ್ತು. ಆಳು ಇಳಿದು, ದಾಟಿ, ಆ ಕಡೆಯಿಂದ ಕೈ ಬೀಸಿದ.

"ಬೇಡ ಭಾವ," ಎಂದೆ. "ಗಾಡಿ ಖಾಲಿ ಇದೆ. ಕ್ಯಾನಿಗೆಲ್ಲ ಮುಚ್ಚಳ ಬಿಗಿದಿದ್ದೀರಿ, ಅವೂ ತೇಲುತ್ತವೆ. ನೀರು ಎತ್ತಿಬಿಡುತ್ತೆ."

"ತುಂಬಿದ್ ಗಾಡೀಲಿ ಬಂದೋನು ಖಾಲಿ ಗಾಡೀಲಿ ಎದರ್ತಾವ್ನಲ್ಲ," ಎಂದು ಭಾವ ನಕ್ಕರು. "ಅಗುರ ಅದೆ ಕಣ್ಲಾ, ಸಲೀಸಾಗಿ ಓಯ್ತದೆ."

"ಹಗುರ ಆಗಿರೋದೇ ಕಷ್ಟ."

"ಎತ್ತಿನ್ ಗಾಡಿ ಒಡ್ದಿದೀಯಾ? ಭಾರ ಏರುದ್ರೆ ಎತ್ತು ಕುಸೀತದೋ, ಅಗುರ ಇದ್ರೆ ಕುಸೀತದೋ? ಇಳಿಯೋದಾದ್ರೆ ಇಳ್ಕೋ ಮೇಷ್ಟ್ರೇ. ನಡ್ಕೊಂಡ್ ಬಾ."

ಇಳಿದೆ. ಬಾಗಿಲು ಹಿಡಿದುಕೊಂಡು, ರಸ್ತೆಯ ಮೇಲೆ ನೀರಿದ್ದಾಗ ದಾಟಲೇಬಾರದು ಎಂದೂ ಹೇಳಿದೆ. ಅವರು ಗೇರು ಹಾಕಿದರು.

ಕಂಡಷ್ಟನ್ನೇ ಬರೆಯುತ್ತೇನೆ. ಅರ್ಧದವರೆಗೆ ಟೆಂಪೋ ನೆಟ್ಟಗೆ ಹೋಯಿತು. ಆಮೇಲೆ ಅದರ ಹಿಂಭಾಗ, ಮಲಗಿದ್ದ ದನ ಏಳುವ ಹಾಗೆ, ನಿಧಾನವಾಗಿ ಮೇಲೆದ್ದಿತು. ಎಂಜಿನ್ನಿನ ಸದ್ದು ಇತ್ತು, ಚಕ್ರವೂ ತಿರುಗುತ್ತಿತ್ತು, ಆದರೆ ಗಾಡಿ ಮುಂದೆ ಹೋಗದೆ ಪಕ್ಕಕ್ಕೆ ಜಾರಿತು. ರಸ್ತೆಯಂಚಿಗೆ ನೆಟ್ಟಿದ್ದ ಕಲ್ಲಿಗೆ ಸಿಕ್ಕಿಕೊಂಡು ವಾಲಿತು. ಭಾವನ ಒಂದು ಕೈ ಕಿಟಕಿಯಿಂದ ಹೊರಗೆ ಬಂತು. ತಲೆ ಬರಲು ತಡವಾಯಿತು. ಆ ತಡ ಎಷ್ಟೆಂದು ನನಗೆ ಈಗಲೂ ಹೇಳಲಾಗದು. ಆಳು ಹೆಗಲಿಗೆ ಹಾಕಿಕೊಂಡಿದ್ದ ಹಗ್ಗ ಎಸೆದ. ಭಾವ ಅದನ್ನು ಹಿಡಿದು ದಡಕ್ಕೆ ಬಂದರು. ಬಂದವರ ಮೊದಲ ಮಾತು, "ಕ್ಯಾನು ತೇಲೋಯ್ತಾವೆ, ಇಡ್ಕಳ್ರಲಾ."

ಮನೆಯಲ್ಲಿ ಅಕ್ಕ ಅತ್ತಳು. ಊರಿಗೆಲ್ಲ ಭಾವ ಹೇಳಿದ್ದು, ಬ್ರೇಕು ಸರಿಯಿರಲಿಲ್ಲ ಅಂತ.

ಮುಂದಿನ ಮಳೆಗಾಲ ಅಕ್ಕ ಫೋನಿನಲ್ಲಿ ಹೆಮ್ಮೆಯಿಂದ, "ನಿಮ್ ಭಾವ ಈಗ ನಿನ್ ಮಾತು ಕೇಳ್ತಾವ್ರೆ ಕಣೋ," ಎಂದಳು. ಏನೆಂದು ವಿಚಾರಿಸಿದೆ. ಕೋಡಿ ಹರಿಯುವಾಗ ಭಾವ ಆಚೆ ದಡದಲ್ಲಿ ಖಾಲಿ ಕ್ಯಾನಿಗೆಲ್ಲ ನೀರು ತುಂಬಿಸಿ, ಗಾಡಿಯನ್ನು ಭಾರ ಮಾಡಿಕೊಂಡು ದಾಟುತ್ತಿದ್ದರಂತೆ.

"ಅವರಿಗೇ ಫೋನ್ ಕೊಡು," ಎಂದೆ.

"ನಾನು ಭಾರ ಹಾಕಿ ಅನ್ನಲಿಲ್ಲ ಭಾವ. ನೀರಿದ್ದಾಗ ದಾಟಲೇಬೇಡಿ ಅಂದೆ. ಬೆಳಿಗ್ಗೆಯಾದರೆ ಹಾಲು ಕೆಡುತ್ತೆ ಅನ್ನಬಹುದು. ಖಾಲಿ ಗಾಡೀಲಿ ಕೆಡೋದು ಏನಿದೆ?"

ಅವರು ನಿಜಕ್ಕೂ ಯೋಚಿಸಿದರು.

"ಮನೇಲಿ ಊಟ ಆರೋಯ್ತದೆ ಕಣ್ಲಾ," ಎಂದರು.