ಅಪ್ಪ ಅಳೆದ ನಿದ್ದೆ

ನಾನು ಚಿಕ್ಕವನಿದ್ದಾಗ ನಿದ್ದೆಗೂ ನನಗೂ ಆಗಿಬರುತ್ತಿರಲಿಲ್ಲ. ಈ ಮಾತು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಕುರ್ಚಿಯಲ್ಲಿ ಕೂತರೆ ಸಾಕು ಗೊರಕೆ ಹೊಡೆಯುವ ಅಜ್ಜನನ್ನಷ್ಟೇ ಅವರು ಕಂಡವರು. ಆಗ ನನ್ನನ್ನು ಮಲಗಿಸುವ ವಿದ್ಯೆ ಗೊತ್ತಿದ್ದವಳು ಅವ್ವ ಒಬ್ಬಳೇ. ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟುತ್ತಿದ್ದಳು. ಆ ಕೈಗೆ ಜೋಳದ ಹಿಟ್ಟಿನ ವಾಸನೆ ಇರುತ್ತಿತ್ತು. ಅದು ಮೂಗಿಗೆ ಬಿದ್ದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಒಂದು ಬೇಸಿಗೆಯಲ್ಲಿ ಸೋದರಮಾವ ಬಂದು ಅವ್ವನನ್ನು ಹೆರಿಗೆಗೆಂದು ಭಾಲ್ಕಿಯ ತವರಿಗೆ ಕರೆದುಕೊಂಡು ಹೋದ. ಸಂಜೆಯ ರೈಲು. ನಾನು ಬರುತ್ತೇನೆಂದು ಅವಳ ಸೆರಗು ಹಿಡಿದು ಜೋತಾಡಿದೆ. ಅಕ್ಕ ನನ್ನ ಬೆರಳು ಒಂದೊಂದಾಗಿ ಬಿಡಿಸಿದಳು.

ಆಗ ಚಿದ್ರಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೇ ಮಲಗುತ್ತಿದ್ದೆವು. ಆ ದಿನವೂ ಅಕ್ಕ ಹೊತ್ತು ಮುಳುಗುವಾಗಲೇ ಮಾಳಿಗೆಗೆ ನೀರು ಚಿಮುಕಿಸಿ ಇಟ್ಟಿದ್ದಳು. ಕಾದ ಮಣ್ಣು ಚುರ್ ಎಂದು ನೀರು ಕುಡಿದು ಘಮ್ಮೆನ್ನುತ್ತಿತ್ತು. ಹಾಸಿಗೆ ತಂಪಾಗಿತ್ತು, ಗಾಳಿಯೂ ಇತ್ತು. ಅವ್ವ ಮಾತ್ರ ಇರಲಿಲ್ಲ. ಅಕ್ಕ ತಟ್ಟಿದಳು, ಕಥೆ ಹೇಳಿದಳು, ಕೊನೆಗೆ ಸಿಟ್ಟಿಗೆದ್ದಳು.

"ಮಕ್ಕೋ ತಮ್ಮಾ, ಇಲ್ಲಾಂದ್ರ ಗುಮ್ಮ ಬರ್ತಾನ."

"ಬರ್ಲಿ. ಅವನ ಜೋಡಿ ಭಾಲ್ಕಿಗಿ ಹೋಗ್ತೇನಿ."

ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಯಾವುದೋ ರೈಲು ಕೂಗಿತು. ಅವ್ವನ ರೈಲೇ ಎಂದುಕೊಂಡೆ. ಎದ್ದು, ಅಳುತ್ತಲೇ ಏಣಿಯ ಕಡೆಗೆ ಓಡಿದೆ. ಕೆಳಗಿನಿಂದ ಹತ್ತಿ ಬರುತ್ತಿದ್ದ ಅಪ್ಪ ನನ್ನನ್ನು ಎತ್ತಿಕೊಂಡ.

ಅಪ್ಪ ಗಾಂಧಿ ಗಂಜದ ಪೇಟೆಯ ಅಂಗಡಿಯೊಂದರಲ್ಲಿ ಕಾಳು ಅಳೆಯುತ್ತಿದ್ದ. ಮೈ ತೊಳೆದುಕೊಂಡು ಬಂದರೂ ಕಿವಿಯ ಹಿಂದೆ ತೊಗರಿಯ ಧೂಳು ಉಳಿದಿರುತ್ತಿತ್ತು. ಮಕ್ಕಳನ್ನು ಮಲಗಿಸಿ ಗೊತ್ತಿದ್ದವನಲ್ಲ. ಪಕ್ಕದಲ್ಲಿ ಅಡ್ಡಾಗಿ, ಚೀಲಕ್ಕೆ ಗುದ್ದಿದಂತೆ ನನ್ನ ಬೆನ್ನು ತಟ್ಟಿದ. ನಾನು ಇನ್ನೂ ಜೋರಾಗಿ ಅತ್ತೆ.

"ನನಗ ಹಾಡ ಬರಂಗಿಲ್ಲಲ್ಲೋ ಮಗಾ," ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ತನಗೆ ಬರುತ್ತಿದ್ದುದನ್ನೇ ಶುರು ಮಾಡಿದ.

"ಲಾಭವೋ ಲಾಭಾ... ಲಾಭವೋ ಲಾಭಾ... ಎರಡೋ ಎರಡಾ... ಎರಡೋ ಎರಡಾ..."

ಕಾಳು ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲೆಕ್ಕ ತಪ್ಪದಿರಲೆಂದು, ಮುಂದಿನ ಸೇರು ತುಂಬುವ ತನಕ ಅದನ್ನೇ ರಾಗವಾಗಿ ಹೇಳುತ್ತಿರುತ್ತಾರೆ. ಒಂದೊಂದು ಅಳತೆಗೆ ಅಪ್ಪನ ಕೈ ಬೆನ್ನ ಮೇಲಿನಿಂದ ಕೆಳಗೆ ಕಾಳು ಸುರಿದಂತೆ ಜಾರುತ್ತಿತ್ತು. ನಾನು ಅಳು ಮರೆತು ಕೇಳಿದೆ.

"ಅಪ್ಪಾ, ಏನ್ ಅಳೀಲಿಕತ್ತಿ?"

"ನಿದ್ದಿ. ಇದು ನಿನ್ನ ಚೀಲ. ಕಣ್ಣ್ ಮುಚ್ಚು, ತುಂಬತದ."

"ಮತ್ತ ಅವ್ವಗ?"

ಅಪ್ಪನ ಕೈ ನಿಂತಿತು. "ನಿಂದು ಮುಗದಮ್ಯಾಗ ಅಕಿದೂ ಅಳೀತೇನಿ," ಎಂದ. ಮತ್ತೆ ಅಳೆಯತೊಡಗಿದ. ಮೂರು ಕೇಳಿದ್ದು ನೆನಪಿದೆ, ನಾಲ್ಕೂ ಕೇಳಿರಬೇಕು.

ಮರುದಿನ ಅಕ್ಕ ರೊಟ್ಟಿ ಬಡಿಯುತ್ತ ಹೇಳಿದಳು. "ನೀ ಮಕ್ಕೊಂಡಿ ಖರೆ, ಅಪ್ಪ ನಿಲ್ಲಸಲಿಲ್ಲೋ. ನಿನ್ನ ಚೀಲ ತುಂಬಿಸಿ, ಆ ಕಡಿ ಹೊಳ್ಳಿ ಮತ್ತ ಲಾಭದಿಂದ ಸುರು ಮಾಡ್ದ." ಅಪ್ಪ ಹಾಗೆ ಹೊರಳಿದ ಕಡೆ ಅವ್ವನ ಹಾಸಿಗೆಯ ಜಾಗವಿತ್ತು. ಅವನಿಗೂ ಅವ್ವ ಬೇಕಾಗಿದ್ದಳೆಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಈಗ ನಮ್ಮ ಮನೆಗೆ ಸಿಮೆಂಟಿನ ಮಾಳಿಗೆ, ಕೋಣೆಗೊಂದು ಫ್ಯಾನು. ನನ್ನ ಸೊಸೆ ಔರಾದದ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ರಾತ್ರಿ ಡ್ಯೂಟಿ ಇದ್ದ ದಿನ ಮೊಮ್ಮಗಳು ಫೋನಿನಲ್ಲಿ ಅವಳ ಮುಖ ನೋಡುತ್ತಲೇ ಊಟ ಮಾಡುತ್ತಾಳೆ. ನಮಗೆ ಆ ಭಾಗ್ಯ ಎಲ್ಲಿತ್ತು, ರೈಲಿನ ಕೂಗೊಂದೇ. ಆದರೆ ಮುಖ ಕಂಡು ಮಾಯವಾದ ಮೇಲೆ ಮೊಮ್ಮಗಳೂ ನನ್ನಂತೆಯೇ ಅಳುತ್ತಾಳೆ. ಫೋನಿನೊಳಗೆ ಬೇಕಾದಷ್ಟು ಜೋಗುಳಗಳಿವೆ, ಅವಳಿಗೆ ಒಂದೂ ಬೇಡ. ನನ್ನ ಕೈ ಹಿಡಿದು ತನ್ನ ಬೆನ್ನ ಮೇಲೆ ಇಟ್ಟುಕೊಳ್ಳುತ್ತಾಳೆ. ನಾನು ಅಳೆಯುತ್ತೇನೆ.

ಮೊನ್ನೆ ನಾನೇ ಕೇಳಿದೆ. "ನಿಂದು ಮುಗದಮ್ಯಾಗ ಮಮ್ಮಿದೂ ಅಳೀಲೇನು?"

ಅರೆಗಣ್ಣಿನಲ್ಲೇ ಗಾಬರಿಯಾದಳು. "ಈಗ ಕೊಡಬ್ಯಾಡ್ರಿ ಅಜ್ಜಾ! ಡ್ಯೂಟಿದಾಗ ನಿದ್ದಿ ಬಂದ್ರ ಹ್ಯಾಂಗ? ಅಳದು ಚೀಲದ ಬಾಯಿ ಕಟ್ಟಿ ಇಡ್ರಿ. ಮುಂಜಾನಿ ಬಂದಮ್ಯಾಗ ಕೊಡೂಣು."

ಅಷ್ಟು ಹೇಳಿ ಮಲಗಿಬಿಟ್ಟಳು. ನಾನು ಅವಳ ಚೀಲ ತುಂಬಿಸಿ ಮುಗಿಸಿದೆ. ಆಮೇಲೆ ಅವಳಮ್ಮನ ಖಾಲಿ ದಿಂಬಿನ ಕಡೆ ಹೊಳ್ಳಿ, ದನಿ ಸಣ್ಣದು ಮಾಡಿಕೊಂಡು, ಮತ್ತೆ ಲಾಭದಿಂದ ಶುರು ಮಾಡಿದೆ.