ಮಡಚಿಟ್ಟ ಚಂದ್ರ

ಗೆಳೆಯರೇ, ನಾಳೆ ವಾನಳ್ಳಿಯಲ್ಲಿ ನಾಟಕ, ಪರದೆಯ ಚಿತ್ರ ನಮ್ಮದು. ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕ ಮೊದಲ ಕೆಲಸ. ಇದು ಕೆಟ್ಟರೆ ಮತ್ತೆ ಶಾಲೆಗೇ ಹಾಕುತ್ತೇನೆಂದು ಅಪ್ಪ ಹೇಳಿಯಾಗಿದೆ.

ಬೆಳಿಗ್ಗೆ ಪರದೆಯನ್ನು ಅಂಗಳದಲ್ಲಿ ಹಾಸಿ, ನೀಲಿ ಆಕಾಶದ ಎಡಗಡೆ ಚಂದ್ರನನ್ನು ಬರೆದೆ. ಅಳಿಸಿ ಅಳಿಸಿ ಕೊನೆಗೂ ದುಂಡಗೆ ಬಂದ ಚಂದ್ರ! ಒಣಗಲೆಂದು ಬಿಟ್ಟು ಊಟ ಮುಗಿಸಿ ಬಂದರೆ ಪರದೆಯೇ ಇಲ್ಲ. ನಮ್ಮ ಆಯಿ, ಅಂದರೆ ಅಮ್ಮ, ಅದನ್ನು ಸೀರೆಯ ಹಾಗೆ ಮಡಚಿ ಜಗುಲಿಯ ಮೇಲಿಟ್ಟಿದ್ದಳು.

"ಆಕಳು ತುಳಿತಿತ್ತು ತಮಾ, ಅದಕ್ಕೇ ಮಡಚಿಟ್ಟಿ."

ಮಡಿಕೆ ಬಿಡಿಸಿದೆ. ಹಸಿ ಬಣ್ಣ ಅಂಟಿ ಬಲಗಡೆಯೂ ಒಂದು ಮಸುಕು ಚಂದ್ರ ಮೂಡಿತ್ತು. "ಬಲಗಡೆಯದಕ್ಕೆ ನೀಲಿ ಬಳಿಯೋ!" ಎಂದು ಜೊತೆಗಾರ ಸುಬ್ರಾಯನಿಗೆ ಕೂಗಿದೆ. ಅವನು ಪರದೆಯ ಆಚೆ ಬದಿ, ನನ್ನೆದುರು ನಿಂತಿದ್ದ. ತನ್ನ ಬಲಕ್ಕಿದ್ದ ನನ್ನ ದುಂಡು ಚಂದ್ರನನ್ನೇ ಮುಚ್ಚಿಬಿಟ್ಟ.

"ಎಂತ ಮಾಡ್ದ್ಯೋ!"

"ನೀನೇ ಬಲಬದೀದು ಹೇಳಿದ್ದೆ ಅಲ್ದಾ?"

ನಾನು ಕುಂಚ ಎಸೆದೆ. ಅಷ್ಟರಲ್ಲಿ ನಾಯಕನ ಪಾತ್ರ ಮಾಡುವ ಹೆಗಡೆಯವರು ಬಂದು ಪರದೆ ನೋಡಿದರು.

"ಚಂದ್ರ ಭಾರೀ ಛಲೋ ಬಂಜು ಮಾರಾಯಾ! ಮಂಜಿನೊಳಗೆ ಇದ್ದಾಂಗೇ ಕಾಣ್ತು."

ಮತ್ತೆ ಶಾಲೆಗೆ ಹೋಗುವುದು ತಪ್ಪಿತು. ಆದರೆ ಚಂದ್ರನನ್ನು ಬರೆದವರು ಯಾರೆಂದು ನಾಳೆ ಯಾರಾದರೂ ಕೇಳಿದರೆ ಸುಳ್ಳು ಹೇಳುವುದು ನನ್ನಿಂದಾಗದು. ಆಯಿಯ ಹೆಸರನ್ನೇ ಹೇಳಬೇಕು.